ಮಾಯದ ಬಾಯಿಹುಣ್ಣಿಗೆ ಎರಡನೆಯ ಬಯಾಪ್ಸಿ ಏಕೆ? (ಓದುಗರ ಪ್ರಶ್ನೆ, ವೈದ್ಯರ ಉತ್ತರ)

ಪ್ರಶ್ನೆ: ನನ್ನ ತಾಯಿಯವರಿಗೆ 54 ವರ್ಷ. ಐದು ತಿಂಗಳಿಂದ ಕೆನ್ನೆಯ ಒಳಭಾಗ, ಅಂಗುಳ ಮತ್ತು ನಾಲಗೆಯ ಅಂಚಿನಲ್ಲಿ ಹುಣ್ಣುಗಳಾಗಿ, ಸಾರನ್ನವನ್ನೂ ನುಂಗಲಾರದೆ ಗಂಜಿ, ಮಜ್ಜಿಗೆಯಲ್ಲೇ ದಿನ ಕಳೆಯುತ್ತಿದ್ದಾರೆ. ಉಷ್ಣವೆಂದು ಎಳನೀರು, ಜೀರಿಗೆ ನೀರು ಕೊಟ್ಟೆವು. ಬಿ ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್, ಫಂಗಸ್ಸಿನ ಔಷಧ ಎಲ್ಲವೂ ಆಯಿತು. ಎರಡು ತಿಂಗಳ ಹಿಂದಿನ ಬಯಾಪ್ಸಿ ವರದಿಯಲ್ಲಿ ‘ನಿರ್ದಿಷ್ಟ ಲಕ್ಷಣಗಳಿಲ್ಲದ ಹುಣ್ಣು’ ಎಂದಷ್ಟೇ ಇತ್ತು. ಈಗ ಚರ್ಮರೋಗ ತಜ್ಞರು ಪೆಂಫಿಗಸ್ ಎಂಬ ಗುಳ್ಳೆರೋಗದ ಅನುಮಾನವಿದೆ, ಮತ್ತೊಮ್ಮೆ ಬಯಾಪ್ಸಿ ಆಗಬೇಕು ಎನ್ನುತ್ತಾರೆ. ಬಾಯಲ್ಲಾಗಲಿ ಮೈಮೇಲಾಗಲಿ ಒಂದು ಗುಳ್ಳೆಯನ್ನೂ ನಾವು ಕಂಡಿಲ್ಲ. ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸುವ ಅಗತ್ಯವೇನು? ಇದು ಕ್ಯಾನ್ಸರಿನ ಮುನ್ಸೂಚನೆಯೇ?
(ಓದುಗರೊಬ್ಬರು, ಹಾಸನ ಜಿಲ್ಲೆ)

ಉತ್ತರ: ನಿಮ್ಮ ವೈದ್ಯರು ಕೇಳುತ್ತಿರುವುದು ಬಹುಶಃ ಅದೇ ಪರೀಕ್ಷೆಯನ್ನಲ್ಲ. ಎರಡಕ್ಕೂ ಬಯಾಪ್ಸಿ (ಪರೀಕ್ಷೆಗೆಂದು ಅಂಗಾಂಶದ ಚೂರು ತೆಗೆಯುವುದು) ಎಂದೇ ಹೆಸರಿರುವುದರಿಂದ ಈ ಗೊಂದಲ ಸಹಜ. ಆದರೆ ಚೂರನ್ನು ಎಲ್ಲಿಂದ ತೆಗೆಯುತ್ತಾರೆ, ಯಾವ ದ್ರವದಲ್ಲಿ ಹಾಕುತ್ತಾರೆ ಎಂಬ ಎರಡು ಸಣ್ಣ ಸಂಗತಿಗಳ ಮೇಲೆ ಈ ಕಾಯಿಲೆಯ ಪತ್ತೆ ನಿಂತಿದೆ.

ಗುಳ್ಳೆ ಕಾಣಲಿಲ್ಲವೆಂಬ ಕಾರಣಕ್ಕೆ ಗುಳ್ಳೆರೋಗವಲ್ಲ ಎನ್ನಲಾಗದು. ಬಾಯೊಳಗಿನ ಗುಳ್ಳೆಯ ಮೇಲ್ಪೊರೆ ಬಹಳ ತೆಳು. ರೊಟ್ಟಿಯ ಒಂದು ತುತ್ತು ಉಜ್ಜಿದರೂ ಹರಿದುಹೋಗುತ್ತದೆ. ಉಳಿಯುವುದು ಅಂಕುಡೊಂಕಾದ ಅಂಚಿನ, ಉರಿಯುವ ಕೆಂಪು ಹುಣ್ಣು. ಪೆಂಫಿಗಸ್‌ನ ಸಾಮಾನ್ಯ ಬಗೆಯಾದ ಪೆಂಫಿಗಸ್ ವಲ್ಗ್ಯಾರಿಸ್ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲು ಬಾಯಲ್ಲೇ ತಲೆದೋರುತ್ತದೆ. ಮೈಮೇಲೆ ಗುಳ್ಳೆ ಏಳಲು ಹಲವು ತಿಂಗಳು ಹಿಡಿಯಬಹುದು, ಕೆಲವರಲ್ಲಿ ಏಳುವುದೇ ಇಲ್ಲ. ಆ ತಿಂಗಳುಗಳು ಉಷ್ಣ, ವಿಟಮಿನ್ ಕೊರತೆ, ಹಲ್ಲಿನ ತೊಂದರೆ ಎಂಬ ಊಹೆಗಳಲ್ಲೇ ಕಳೆದುಹೋಗುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಮೊದಲ ವರದಿ ಏನನ್ನೂ ಹೇಳದಿರಲು ಕಾರಣ ಊಹಿಸಬಹುದು. ಹುಣ್ಣಿನ ನಟ್ಟನಡುವಿನಿಂದ ಚೂರು ತೆಗೆದರೆ ಅಲ್ಲಿ ಮೇಲ್ಪದರವೇ ಉಳಿದಿರುವುದಿಲ್ಲ, ಮತ್ತು ರೋಗದ ಗುರುತು ಇರುವುದು ಆ ಮೇಲ್ಪದರದಲ್ಲಿ. ಆದ್ದರಿಂದ ಈ ಬಾರಿ ಎರಡು ಚೂರುಗಳು ಬೇಕು. ಒಂದನ್ನು ಹೊಸ ಹುಣ್ಣಿನ ಅಂಚಿನಿಂದ, ಹರಿಯದೆ ಉಳಿದ ಸ್ವಲ್ಪ ಪದರವೂ ಸೇರುವಂತೆ ತೆಗೆದು ಎಂದಿನಂತೆ, ಚೂರು ಕೆಡದಂತಿಡುವ ಫಾರ್ಮಲಿನ್‌ ದ್ರವದಲ್ಲಿ ಹಾಕುತ್ತಾರೆ. ಇನ್ನೊಂದನ್ನು ಹುಣ್ಣಿನಿಂದ ಅರ್ಧ ಸೆಂಟಿಮೀಟರಿನಷ್ಟಾದರೂ ಆಚೆ, ನೋಡಲು ಆರೋಗ್ಯವಾಗಿಯೇ ಇರುವ ಜಾಗದಿಂದ ತೆಗೆಯುತ್ತಾರೆ. ನೋವಿಲ್ಲದ ಜಾಗಕ್ಕೇಕೆ ಕತ್ತರಿ ಹಾಕುತ್ತೀರಿ ಎಂದು ರೋಗಿಗಳು ಆಕ್ಷೇಪಿಸುವುದುಂಟು. ಹುಣ್ಣಾದಲ್ಲಿ ಉರಿಯೂತವು ಸಾಕ್ಷ್ಯವನ್ನು ಅಳಿಸಿರುತ್ತದೆ, ಪಕ್ಕದಲ್ಲಿ ಅದು ಹಾಗೆಯೇ ಇರುತ್ತದೆ ಎಂಬುದೇ ಅದಕ್ಕೆ ಉತ್ತರ.

ಈ ಎರಡನೆಯ ಚೂರು ಫಾರ್ಮಲಿನ್‌ಗೆ ಬಿದ್ದರೆ ಪರೀಕ್ಷೆ ಕೆಟ್ಟಂತೆಯೇ. ಅದನ್ನು ಮೈಕೆಲ್ ದ್ರಾವಣವೆಂಬ ವಿಶೇಷ ದ್ರವದಲ್ಲಿಡಬೇಕು. ಒಂದು ದಿನದೊಳಗೆ ಪ್ರಯೋಗಾಲಯ ತಲುಪುವಂತಿದ್ದರೆ ಸಾಮಾನ್ಯ ಸಲೈನ್ ಕೂಡ ಸಾಕು. ಜಿಲ್ಲಾ ಕೇಂದ್ರಗಳಿಂದ ಬೆಂಗಳೂರಿಗೋ ಮೈಸೂರಿಗೋ ಮನೆಯವರೇ ಬಾಟಲಿಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುವುದು ಸಾಮಾನ್ಯ. ಹಾಗೆ ಒಯ್ಯುವುದಾದರೆ ಎರಡು ಬಾಟಲಿಗಳಿವೆಯೇ, ಯಾವುದರಲ್ಲಿ ಯಾವ ದ್ರವವಿದೆ ಎಂದು ಚೀಟಿಯ ಮೇಲೆ ಬರೆದಿದ್ದಾರೆಯೇ ಎಂದು ಅಲ್ಲಿಯೇ ಕೇಳಿ ನೋಡಿಕೊಳ್ಳಿ, ಸಂಕೋಚ ಬೇಡ.

ಪ್ರಯೋಗಾಲಯದಲ್ಲಿ ಈ ಚೂರಿನ ತೆಳುವಾದ ಸೀಳುಗಳಿಗೆ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು (ಪ್ರತಿಕಾಯವೆಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಹಾಕಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ನೇರ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ. ಅಲ್ಲಿ ಏನು ಕಾಣುತ್ತದೆ ಎನ್ನುವುದಕ್ಕೆ ಅಜ್ಜಿಯರು ಹೊಲಿಯುವ ಕೌದಿಯನ್ನು ನೆನೆಯಿರಿ. ಬಟ್ಟೆಯ ತುಂಡುಗಳು ಒಂದಕ್ಕೊಂದು ಸೇರಿರುವ ಹೊಲಿಗೆ ಒಂದು, ಅವೆಲ್ಲವೂ ಅಡಿಬಟ್ಟೆಗೆ ಸೇರಿರುವ ಹೊಲಿಗೆ ಇನ್ನೊಂದು. ಪೆಂಫಿಗಸ್‌ನಲ್ಲಿ ದೇಹದ ಪ್ರತಿಕಾಯಗಳು ಮೊದಲನೆಯ ಹೊಲಿಗೆಯನ್ನು, ಅಂದರೆ ಜೀವಕೋಶಗಳನ್ನು ಪರಸ್ಪರ ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನನ್ನು ಗುರಿಯಾಗಿಸುತ್ತವೆ. ಬಣ್ಣದ ಪ್ರತಿಕಾಯಗಳು ಅವಕ್ಕೇ ಅಂಟಿಕೊಳ್ಳುವುದರಿಂದ ಹಸಿರು ಹೊಳಪು ಮೀನಿನ ಬಲೆಯಂತೆ ಕೋಶಕೋಶಗಳ ನಡುವೆ ಕಾಣುತ್ತದೆ. ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆರೋಗದಲ್ಲಿ ಏಟು ಬೀಳುವುದು ಅಡಿಬಟ್ಟೆಯ ಹೊಲಿಗೆಗೆ; ಹೊಳಪು ಪದರದ ತಳದಲ್ಲಿ ಒಂದೇ ಗೆರೆಯಾಗಿರುತ್ತದೆ. ಇವೆರಡೂ ಬೇರೆ ಬೇರೆ ರೋಗಗಳೆಂದು ಚರ್ಮರೋಗ ತಜ್ಞ ವಾಲ್ಟರ್ ಲೀವರ್ ಸೂಕ್ಷ್ಮದರ್ಶಕದ ಆಧಾರದ ಮೇಲೆ ಸ್ಪಷ್ಟಪಡಿಸಿದ್ದು 1953ರಲ್ಲಿ. ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಇಂಥ ಪ್ರತಿಕಾಯಗಳಿವೆ ಎಂದು ಸಂಶೋಧಕರಾದ ಬ್ಯೂಟ್ನರ್ ಮತ್ತು ಜೋರ್ಡನ್ ತೋರಿಸಿದ್ದು 1964ರಲ್ಲಿ.

ರಕ್ತಪರೀಕ್ಷೆಯೂ ಉಂಟು. ಎಲೈಸಾ ವಿಧಾನದಲ್ಲಿ ಡೆಸ್ಮೊಗ್ಲೀನ್ 1 ಮತ್ತು 3ರ ವಿರುದ್ಧದ ಪ್ರತಿಕಾಯಗಳನ್ನು ಅಳೆಯುತ್ತಾರೆ. ಚರ್ಮದಲ್ಲಿ ಎರಡೂ ಬಗೆಗಳಿದ್ದು ಒಂದು ಸೋತರೆ ಇನ್ನೊಂದು ಹಿಡಿದಿಡಬಲ್ಲದು. ಬಾಯಲ್ಲಿ ಭಾರವೆಲ್ಲ ಮುಖ್ಯವಾಗಿ 3ರ ಮೇಲೆಯೇ. ಹೀಗಾಗಿ 3ರ ವಿರುದ್ಧ ಮಾತ್ರ ಪ್ರತಿಕಾಯಗಳಿರುವವರಲ್ಲಿ ಬಾಯಿ ಹುಣ್ಣಾಗಿದ್ದು ಮೈ ಸ್ವಚ್ಛವಾಗಿರುತ್ತದೆ. ನಿಮ್ಮ ತಾಯಿಯವರ ಚಿತ್ರವೂ ಇದಕ್ಕೆ ಹೊಂದುತ್ತದೆ, ಆದರೆ ಪತ್ರ ನೋಡಿ ನಿರ್ಣಯ ಕೊಡಲು ನನಗೆ ಅಧಿಕಾರವಿಲ್ಲ.

ಪೆಂಫಿಗಸ್ ಕ್ಯಾನ್ಸರೂ ಅಲ್ಲ, ಅಂಟುರೋಗವೂ ಅಲ್ಲ. ದೇಹದಲ್ಲಿ ಅಡಗಿರುವ ಗೆಡ್ಡೆಯೊಂದರ ಜೊತೆಗೆ ಬರುವ ಅಪರೂಪದ ಬಗೆಯೊಂದಿದೆ. ತುಟಿಯೆಲ್ಲ ರಕ್ತದ ಹಕ್ಕಳೆಗಟ್ಟಿ ಹುಣ್ಣು ವಿಪರೀತವಾಗಿದ್ದರೆ ವೈದ್ಯರು ಅದನ್ನೂ ಹುಡುಕುತ್ತಾರೆ. ಹಾಗೆಂದು ತಡಮಾಡುವ ಕಾಯಿಲೆಯಲ್ಲ: ಸ್ಟೀರಾಯ್ಡ್ ಔಷಧಗಳು ಬರುವ ಮೊದಲು ಇದು ಬಹುಪಾಲು ರೋಗಿಗಳ ಜೀವವನ್ನೇ ತೆಗೆಯುತ್ತಿತ್ತು. ಇಂದು ಚಿಕಿತ್ಸೆ ಚೆನ್ನಾಗಿದೆ, ಆದರೆ ಅದು ದೀರ್ಘ ಮತ್ತು ಭಾರಿ. ಆದ್ದರಿಂದಲೇ ಹೆಸರು ಖಚಿತವಾಗಬೇಕು. ಸಾಧ್ಯವಾದರೆ ಸ್ಟೀರಾಯ್ಡ್ ಮಾತ್ರೆ ಆರಂಭಿಸುವ ಮೊದಲೇ ಚೂರು ತೆಗೆಸಿ. ಈಗಾಗಲೇ ನುಂಗುತ್ತಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನನಗೆ 61 ವರ್ಷ. ಎರಡು ವರ್ಷದಿಂದ ಒಸಡು ಕೆಂಪಾಗಿ, ಬ್ರಷ್ ತಾಗಿದರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಮೂರು ಬಾರಿ ಹಲ್ಲು ಶುಚಿ ಮಾಡಿಸಿದರೂ ಗುಣವಿಲ್ಲ. ಇತ್ತೀಚೆಗೆ ಕಣ್ಣಿನಲ್ಲಿ ಮರಳು ಬಿದ್ದಂತಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
(ಶಿರಸಿ)

ಉತ್ತರ: ಇರಬಹುದು, ಮತ್ತು ನಿಮ್ಮ ಪತ್ರದಲ್ಲಿ ನನ್ನನ್ನು ಎಚ್ಚರಿಸಿದ್ದು ಆ ಕೊನೆಯ ವಾಕ್ಯವೇ. ಒಸಡು ಹೀಗೆ ಸುಲಿಯುವುದಕ್ಕೆ ಲೈಕೆನ್ ಪ್ಲೇನಸ್ ಎಂಬ ಉರಿಯೂತದ ಕಾಯಿಲೆ, ಬಾಯಿ, ಕಣ್ಣುಗಳ ಒಳಪೊರೆಗೆ ಬರುವ ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್ ಮತ್ತು ಪೆಂಫಿಗಸ್ ಮುಖ್ಯ ಕಾರಣಗಳು. ಕೆನ್ನೆಯೊಳಗೆ ಬಿಳಿ ಜಾಲರಿಯಂಥ ಗೆರೆಗಳಿದ್ದರೆ ಲೈಕೆನ್ ಪ್ಲೇನಸ್ ಕಡೆಗೆ ವಾಲುತ್ತೇವೆ. ಪೆಂಫಿಗಾಯ್ಡ್ ಕಣ್ಣಿಗೆ ಹಬ್ಬಿದರೆ ಗಾಯದ ಕಲೆಗಟ್ಟಿ ರೆಪ್ಪೆಯ ಒಳಪೊರೆ ಕಣ್ಣುಗುಡ್ಡೆಗೆ ಅಂಟಿಕೊಳ್ಳುತ್ತದೆ. ಹೀಗೆ ಹೋದ ದೃಷ್ಟಿ ಮರಳುವುದು ಕಷ್ಟ. ಒಸಡಿನ ವರದಿಗೆ ಕಾಯದೆ ಈ ವಾರವೇ ನೇತ್ರತಜ್ಞರನ್ನು ಕಾಣಿ, ಬಾಯಿಯ ವಿಷಯವನ್ನೂ ಅವರಿಗೆ ಹೇಳಿ. ಧ್ವನಿ ಒಡೆದಿದ್ದರೆ ಅಥವಾ ನುಂಗುವಾಗ ಸಿಕ್ಕಿಕೊಂಡಂತಾದರೆ ಗಂಟಲೂ ಪರೀಕ್ಷೆಯಾಗಬೇಕು.

ಬಯಾಪ್ಸಿಗೆ ಕೆಂಪೇರಿದ ಒಸಡು ಅಷ್ಟು ಒಳ್ಳೆಯ ಜಾಗವಲ್ಲ. ಅಲ್ಲಿ ಉರಿಯೂತ ಮೊದಲೇ ಇರುತ್ತದೆ, ಚಿಮಟದಲ್ಲಿ ಹಿಡಿಯುವಾಗ ಮೇಲ್ಪದರ ಕಳಚಿ ಬೇರೆಯಾಗುತ್ತದೆ. ಆದ್ದರಿಂದ ಕೆನ್ನೆಯ ಒಳಭಾಗದಿಂದ ತೆಗೆಯುತ್ತೇವೆಂದರೆ ಆಶ್ಚರ್ಯಪಡಬೇಡಿ. ಪೆಂಫಿಗಾಯ್ಡ್‌ನ ಈ ಬಗೆಯಲ್ಲಿ ರಕ್ತಪರೀಕ್ಷೆ ಎಷ್ಟೋ ಬಾರಿ ನೆಗೆಟಿವ್ ಬರುವುದರಿಂದ ಚೂರಿನ ಪರೀಕ್ಷೆಯೇ ಆಧಾರ. ಅದೂ ಒಮ್ಮೆ ನೆಗೆಟಿವ್ ಬಂದು ಅನುಮಾನ ಉಳಿದರೆ ಇನ್ನೊಮ್ಮೆ ತೆಗೆಯುವುದು ವಾಡಿಕೆ.

ಪ್ರಶ್ನೆ: ಬೆರಳಿನಿಂದ ಉಜ್ಜಿದಾಗ ಒಸಡಿನ ಪದರ ಜಾರಿದರೆ ಪೆಂಫಿಗಸ್ ಎಂದು ಓದಿದೆ. ಉಜ್ಜಿ ನೋಡಿದೆ, ಸ್ವಲ್ಪ ಸುಲಿಯಿತು. ಖಚಿತವೇ?
(ದಾವಣಗೆರೆ)

ಉತ್ತರ: ಅಲ್ಲ. ಅದು ರಷ್ಯಾದ ವೈದ್ಯ ನಿಕೋಲ್ಸ್ಕಿಯವರ ಹೆಸರಿನ ಲಕ್ಷಣ. ಬಾಯಲ್ಲಿ ಪೆಂಫಿಗಾಯ್ಡ್ ಮತ್ತಿತರ ರೋಗಗಳಲ್ಲೂ ಕಾಣಬಹುದು. ದಯವಿಟ್ಟು ಮತ್ತೆ ಉಜ್ಜಬೇಡಿ. ವೈದ್ಯರು ಚೂರು ತೆಗೆಯಬೇಕಾದ, ಹರಿಯದೆ ಉಳಿದ ಪದರವನ್ನೇ ನೀವು ಹಾಳುಮಾಡಿಕೊಳ್ಳುತ್ತೀರಿ. ಅಡಿಕೆ ಅಥವಾ ತಂಬಾಕಿನ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಏಕೆಂದರೆ ಎರಡು ವಾರ ದಾಟಿದ ಯಾವುದೇ ಹುಣ್ಣಿನಲ್ಲಿ ಕ್ಯಾನ್ಸರ್ ಅಲ್ಲವೆಂದು ಮೊದಲು ಖಾತ್ರಿಮಾಡಿಕೊಳ್ಳಬೇಕಾಗುತ್ತದೆ.