ಕ್ಯಾನ್ಸರ್ ಇಲ್ಲದಿದ್ದರೂ ಹಿಪ್ ಆಪರೇಷನ್‌ಗೆ ರೇಡಿಯೇಶನ್ ಯಾಕೆ?

ನಿಮ್ಮ ತಂದೆಗೆ ಸೊಂಟದ ಕೀಲು ಬದಲಿಸುತ್ತಾರೆ, ಕ್ಯಾನ್ಸರ್ ಏನೂ ಇಲ್ಲ, ಆದರೂ ರೇಡಿಯೇಶನ್ ಬೇಕು ಅಂದಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಒಪ್ಪಿ. ಯಾವಾಗ, ಎಲ್ಲಿ ಕೊಡುತ್ತಾರೆ ಅನ್ನೋದನ್ನು ಮಾತ್ರ ಈಗಲೇ ಕೇಳಿಕೊಳ್ಳಿ.

ನಮ್ಮ ಚಿಕ್ಕಪ್ಪ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡುವವರು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ, ಅಂದರೆ ಬೆನ್ನುಮೂಳೆ, ಕೀಲು ಬಿಗಿದುಕೊಳ್ಳುವ ಒಂದು ಥರದ ವಾತ. ಎಡಗಡೆ ಕೀಲು ಬದಲಿಸಿದಾಗ ಯಾರೂ ರೇಡಿಯೇಶನ್ ಮಾತೇ ಎತ್ತಲಿಲ್ಲ. ನೋವೇನೋ ಹೋಯಿತು, ಆದರೆ ಬರ್ತಾ ಬರ್ತಾ ಕಾಲು ಮಡಚೋದೇ ಕಷ್ಟ ಆಯಿತು, ಬಸ್ ಹತ್ತುವಾಗ ತೊಡೆಗೆ ಕೈ ಕೊಟ್ಟು ಕಾಲನ್ನು ಮೆಟ್ಟಿಲ ಮೇಲೆ ಎತ್ತಿಡಬೇಕಿತ್ತು. ಎಕ್ಸ್‌ರೇ ನೋಡಿದರೆ ಲೋಹದ ಕೀಲಿನ ಪಕ್ಕ, ಬರೀ ಮಾಂಸ ಇರಬೇಕಾದ ಕಡೆ, ಬಿಳಿ ಮೋಡದ ಹಾಗೆ ಹೊಸ ಮೂಳೆ.

ಇದಕ್ಕೆ ಹೆಟೆರೊಟೋಪಿಕ್ ಆಸಿಫಿಕೇಶನ್ ಅಂತಾರೆ. ಗಾಯ ಮಾಯುವಾಗ ಸುತ್ತಲಿನ ಮಾಂಸದಲ್ಲಿರುವ ಕೆಲವು ಎಳೆಯ ಜೀವಕೋಶಗಳು ಮೂಳೆ ಕಟ್ಟುವ ಕೋಶಗಳಾಗಿಬಿಡುತ್ತವೆ. ಅವು ಜಾಸ್ತಿ ಆಗುವ ಮೊದಲೇ ರೇಡಿಯೇಶನ್ ತಡೆಯುತ್ತದೆ. ಹಾಗಾಗಿ ಆಪರೇಷನ್‌ಗೆ ಮುಂಚಿನ 24 ಗಂಟೆಯೊಳಗೆ, ಇಲ್ಲಾ ಆದ ಮೇಲೆ 72 ಗಂಟೆಯೊಳಗೆ ಕೊಡುತ್ತಾರೆ. ಬೆಳೆದುಬಿಟ್ಟ ಮೂಳೆಯನ್ನು ಅದು ಕರಗಿಸಲ್ಲ, ಅದನ್ನು ಕತ್ತರಿಸಿಯೇ ತೆಗೆಯಬೇಕು.

ಡೋಸ್ ಸಾಮಾನ್ಯವಾಗಿ ಒಂದೇ ಸಲ, 7ರಿಂದ 8 ಗ್ರೇ (ಗ್ರೇ ಅಂದರೆ ರೇಡಿಯೇಶನ್ ಅಳೆಯುವ ಲೆಕ್ಕ). ಕ್ಯಾನ್ಸರ್‌ಗಾದರೆ ಎಷ್ಟೋ ಸಲ 50–60 ಗ್ರೇವರೆಗೂ ವಾರಗಟ್ಟಲೆ ಕೊಡುತ್ತಾರೆ. ಇಲ್ಲಿ ತಲೆಕೂದಲು ಉದುರಲ್ಲ, ಮೈಯಲ್ಲಿ ವಿಕಿರಣ ಉಳಿಯಲ್ಲ, ಮೊಮ್ಮಕ್ಕಳು ಧಾರಾಳವಾಗಿ ಪಕ್ಕದಲ್ಲಿ ಕೂರಬಹುದು. ಮುಂದೆ ಇದರಿಂದಲೇ ಕ್ಯಾನ್ಸರ್ ಬರುವ ಅಪಾಯ ಬಹಳ ಕಡಿಮೆ. ಚಿಕ್ಕ ವಯಸ್ಸಿನವರಾದರೆ ಮಾತ್ರ ಜಾಸ್ತಿ ಯೋಚಿಸುತ್ತಾರೆ.

ಎಲ್ಲರಿಗೂ ಇದು ಬೇಕಾಗಿಲ್ಲ. ಹೊಸ ಮೂಳೆ ಸ್ವಲ್ಪ ಬಂದರೂ ಬಹಳ ಜನಕ್ಕೆ ತೊಂದರೆಯೇ ಗೊತ್ತಾಗಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರು, ಮೊದಲೇ ಒಂದು ಕಡೆ ಹೀಗೆ ಮೂಳೆ ಬೆಳೆದವರು, ಇಂಥವರಿಗೆ ಅಪಾಯ ಜಾಸ್ತಿ. ಇಂಡೊಮೆಥಾಸಿನ್ ಅನ್ನೋ ನೋವು-ಊತದ ಮಾತ್ರೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಕೆಲವು ವಾರ ತಗೋಬೇಕು, ಹೊಟ್ಟೆಹುಣ್ಣು ಅಥವಾ ಕಿಡ್ನಿ ತೊಂದರೆ ಇದ್ದರೆ ಆಗಲ್ಲ. ಚಿಕ್ಕಪ್ಪನಿಗೆ ಹೊಟ್ಟೆಹುಣ್ಣು ಇತ್ತು, ಅದಕ್ಕೇ ಬಲಗಡೆ ಆಪರೇಷನ್‌ಗೆ ರೇಡಿಯೇಶನ್ ಆರಿಸಿಕೊಂಡರು.

ಅದನ್ನು ಹಿಂದಿನ ದಿನ ಸಂಜೆಯೇ ಮುಗಿಸಿದರು. ಚರ್ಮದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಅಲ್ಲಾಡದೆ ಮಲಗಿ ಅಂದರು, ಮೆಷಿನ್ ಕೆಲಸ ಕೆಲವೇ ನಿಮಿಷ. ನೋವಿಲ್ಲ, ಬಿಸಿಯೂ ಇಲ್ಲ. ನಡೆದುಕೊಂಡೇ ವಾರ್ಡಿಗೆ ವಾಪಸ್ ಬಂದರು. ಈಗ ಆ ಕಾಲು ಚೆನ್ನಾಗಿ ಮಡಚುತ್ತದೆ.

ನಮ್ಮ ಮಲೆನಾಡಿನವರಿಗೆ ಈ ಹಿಂದಿನ ದಿನ ಅನ್ನೋದು ಬಹಳ ಮುಖ್ಯ. ಆಪರೇಷನ್ ಒಂದು ಊರಲ್ಲಿ, ರೇಡಿಯೇಶನ್ ಮೆಷಿನ್ ಇನ್ನೊಂದು ಊರಲ್ಲಿ ಇದ್ದರೆ ಏನು ಮಾಡ್ತೀರಿ? ಹಸಿ ಗಾಯ ಇಟ್ಟುಕೊಂಡು ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗೋದು ಸುಮ್ನೆ ಮಾತಲ್ಲ. ಹಾಗಾಗಿ ಮೆಷಿನ್ ಇರುವ ಆಸ್ಪತ್ರೆಯಲ್ಲೇ ಎರಡೂ ಆಗುತ್ತಾ, ಆಪರೇಷನ್‌ಗೆ ಮುಂಚೆಯೇ ಕೊಡಬಹುದಾ ಅಂತ ಮೂಳೆ ಡಾಕ್ಟರನ್ನು ಕೇಳಿ. ಹಳೇ ಎಕ್ಸ್‌ರೇ ಏನಿದ್ದರೂ ತಗೊಂಡು ಹೋಗಿ. ರೇಡಿಯೇಶನ್ ಡಾಕ್ಟರ್ ಹತ್ತಿರ ಅವರು ಮಾತಾಡಿದ ಮೇಲೆಯೇ ಡೇಟ್ ಫಿಕ್ಸ್ ಮಾಡಿಸಿ.