ಎರಡನೆಯ ಬೇಸಿಗೆಯಲ್ಲಿ ಸೋತ ಕೂಲ್ ರೂಫ್ ಬಣ್ಣ: ಪ್ರತಿಕ್ರಿಯೆ

ಕಳೆದ ವರ್ಷ ತಾರಸಿಗೆ ಬಳಿಸಿದ ಬಿಳಿ ಕೂಲ್ ರೂಫ್ ಬಣ್ಣ ಈ ಬೇಸಿಗೆಯಲ್ಲಿ ಕೆಲಸ ಮಾಡುತ್ತಿಲ್ಲ, ಏಕೆ ಎಂದು ಕೇಳಿ ಬರೆದಿದ್ದೀರಿ. ಬಹುಶಃ ಕೆಟ್ಟಿರುವುದು ಬಣ್ಣವಲ್ಲ. ಅದರ ಮೇಲೆ ಕುಳಿತಿರುವ ಬೆಂಗಳೂರಿನ ಧೂಳು ಮತ್ತು ಮಳೆಗಾಲದ ಪಾಚಿಯ ಕಪ್ಪು. ಈ ಲೇಪನ ಬಿಸಿಲನ್ನು ಪ್ರತಿಫಲಿಸಿ, ಹೀರಿದ ಅಲ್ಪ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ, ಮುಖ್ಯವಾಗಿ ವಾತಾವರಣ ಹೆಚ್ಚು ತಡೆಯದ 8ರಿಂದ 13 ಮೈಕ್ರೋಮೀಟರ್ ತರಂಗಾಂತರದಲ್ಲಿ, ಆಕಾಶಕ್ಕೆ ಬಿಡುವುದರಿಂದಲೇ ವಿದ್ಯುತ್ತಿಲ್ಲದೆ ತಣ್ಣಗಿರುತ್ತದೆ. ಬಿಳುಪು ಮಾಸಿದರೆ ಮೊದಲನೆಯ ಕೆಲಸವೇ ಕುಂಠಿತವಾಗುತ್ತದೆ.

ಮೊದಲು ಒಂದು ಚದರಡಿ ಜಾಗವನ್ನು ಸೋಪಿನ ನೀರು ಹಾಕಿ ಮೆತ್ತನೆಯ ಬ್ರಷ್‌ನಿಂದ ತೊಳೆದು ಒಣಗಲು ಬಿಡಿ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಅಂಗೈಯನ್ನು ಅಲ್ಲಿ, ಇನ್ನೊಂದನ್ನು ಪಕ್ಕದ ಮಾಸಿದ ಭಾಗದ ಮೇಲೆ ಇಟ್ಟು ನೋಡಿ. ತೊಳೆದ ಜಾಗ ತಣ್ಣಗಿದ್ದರೆ ಇಡೀ ತಾರಸಿಯನ್ನು ಹಾಗೆಯೇ ತೊಳೆಸಿ. ಕೆಲಸದವರು ಆಸಿಡ್ ಸುರಿಯೋಣವೆಂದರೆ ಒಪ್ಪಬೇಡಿ, ಲೇಪನವೇ ಹಾಳಾಗುತ್ತದೆ. ವ್ಯತ್ಯಾಸ ತಿಳಿಯದೆ, ಉಜ್ಜಿದ ಬೆರಳಿಗೆ ಬಿಳಿ ಪುಡಿ ಅಂಟಿದರೆ ಬಣ್ಣ ಸವೆದಿದೆ ಎಂದರ್ಥ. ಬಿರುಕುಗಳನ್ನು ಮುಚ್ಚಿಸಿ, ಮಳೆ ಹಿಡಿಯುವ ಮೊದಲೇ ಮತ್ತೆ ಎರಡು ಕೋಟ್ ಹೊಡೆಸಿ.

ಕೋಣೆ ಬಿಸಿಯಾಗುವುದು ಸಂಜೆಯ ನಂತರ ಎಂದೂ ಬರೆದಿದ್ದೀರಿ. ಅದಕ್ಕೆ ಪಶ್ಚಿಮದ ಗೋಡೆಯೂ ಕಾರಣವಿರಬಹುದು, ದೂರದಿಂದ ಖಚಿತವಾಗಿ ಹೇಳಲಾಗದು. ರಾತ್ರಿ ಎಂಟಕ್ಕೆ ಗೋಡೆಯನ್ನೂ ಸ್ಟೂಲ್ ಹತ್ತಿ ಸೀಲಿಂಗನ್ನೂ ಮುಟ್ಟಿ ನೋಡಿ. ಗೋಡೆಯೇ ಹೆಚ್ಚು ಬಿಸಿಯಿದ್ದರೆ ಅದರ ಹೊರಮೈಗೂ ಬಿಳಿ ಲೇಪನ ಅಥವಾ ನೆರಳು ಬೇಕು.