ಕೆಜಿಡಿಬಿ ಸಂಪರ್ಕ ತಪ್ಪುತ್ತಿದ್ದರೆ ಬಾಡ್ ರೇಟ್ ಇಳಿಸಬೇಕೇ?

ಬೇಡ. ಕೆಜಿಡಿಬಿ ಎಂದರೆ ಲಿನಕ್ಸ್ ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ದೋಷವನ್ನು ಇನ್ನೊಂದು ಯಂತ್ರದಿಂದ ಹುಡುಕುವ ಸೌಲಭ್ಯ; ಆ ಇನ್ನೊಂದು ಯಂತ್ರದಲ್ಲಿ ಓಡುವ ಡೀಬಗ್ಗರ್ ಜಿಡಿಬಿ; ಬಾಡ್ ರೇಟ್ ಎಂದರೆ ನಡುವಿನ ಸೀರಿಯಲ್ ತಂತಿಯ ವೇಗ. 115200ರಲ್ಲಿ ಜಿಡಿಬಿಗೆ ಅರ್ಧಂಬರ್ಧ ಉತ್ತರ ಬರುತ್ತಿದೆ, 9600ಕ್ಕೆ ಇಳಿಸಲೇ ಎಂದು ಕೇಳಿದ್ದೀರಿ. ನಾನೂ ಇಳಿಸಿ ಮೂರು ದಿನ ಕಳೆದುಕೊಂಡೆ.

ನನ್ನ ಎರಡೂ ಯಂತ್ರಗಳು ಶಿವಮೊಗ್ಗದ ಬಾಡಿಗೆ ಕೋಣೆಯಲ್ಲಿದ್ದವು, ನಡುವೆ ನಲ್ ಮೋಡೆಮ್ ಕೇಬಲ್, ಅಂದರೆ ಎರಡು ಕಂಪ್ಯೂಟರುಗಳನ್ನು ನೇರ ಜೋಡಿಸುವ ಸೀರಿಯಲ್ ತಂತಿ. ನಾನು ತೀರ್ಥಹಳ್ಳಿಯ ಆಚೆ ಮನೆಯಲ್ಲಿ ಕುಳಿತು, ದೂರದ ಯಂತ್ರಕ್ಕೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಮೂಲಕ ಕರ್ನಲ್ ಡೀಬಗ್ ಮಾಡುತ್ತಿದ್ದೆ. ಆಷಾಢದ ಮಳೆಗೆ ನಮ್ಮೂರಿನ ಕರೆಂಟು ಹೋಯಿತು, ಸಂಪರ್ಕವೂ ಕಡಿಯಿತು. ಮರುದಿನದಿಂದ ಜಿಡಿಬಿಯಲ್ಲಿ ಪ್ಯಾಕೆಟ್ (ಒಂದೊಂದು ಸಂದೇಶದ ಕಟ್ಟು) ದೋಷಗಳ ಸಾಲು. ಕೆಜಿಡಿಬಿಗೆ ಪೋರ್ಟನ್ನೂ ವೇಗವನ್ನೂ ಹೇಳುವ ಕೆಜಿಡಿಬಿಒಸಿ ಸಾಲಿನಲ್ಲಿ 9600 ಬರೆದೆ, ಪಕ್ಕದ ಕೋಣೆಯ ಹುಡುಗನಿಗೆ ಫೋನ್ ಮಾಡಿ ರೀಸೆಟ್ ಗುಂಡಿ ಒತ್ತಿಸಿದೆ. ಅದೇ ಗೋಳು. ಕೊನೆಗೆ ಕೇಬಲ್ಲಿನ ಮೇಲೆ ಅನುಮಾನ ಬಂದು ಬಸ್ಸು ಹತ್ತಿದೆ. ಮಂಡಗದ್ದೆಯ ಬಳಿ ರಸ್ತೆಗೆ ಮರ ಬಿದ್ದಿತ್ತು.

ಹೊಸ ಕೇಬಲ್ ಚುಚ್ಚುವ ಮುನ್ನ ಸುಮ್ಮನೆ ಆ ಸೀರಿಯಲ್ ಪೋರ್ಟಿನ ಮೇಲೆ, ಅದನ್ನು ಯಾವ ಪ್ರಕ್ರಿಯೆಗಳು ತೆರೆದಿವೆ ಎಂದು ಹೇಳುವ ಫ್ಯೂಸರ್ ಆಜ್ಞೆ ಓಡಿಸಿದೆ. ಜಿಡಿಬಿ ಒಂದೇ ಅಲ್ಲ, ಎರಡು ಪ್ರಕ್ರಿಯೆಗಳು! ಬೂಟ್ ಸಂದೇಶ ನೋಡಲೆಂದು ಸ್ಕ್ರೀನ್ ಎಂಬ ಪ್ರೋಗ್ರಾಮಿನ ಒಳಗೆ ತೆರೆದಿದ್ದ ಮಿನಿಕಾಮ್ ಎಂಬ ಸೀರಿಯಲ್ ಟರ್ಮಿನಲ್ ಹಾಗೆಯೇ ಬದುಕಿತ್ತು. ಎಸ್‌ಎಸ್‌ಎಚ್ ಸತ್ತರೂ ಸ್ಕ್ರೀನ್ ಸಾಯುವುದಿಲ್ಲವಲ್ಲ. ಮಿನಿಕಾಮ್ ಪೋರ್ಟಿಗೆ ಬೀಗದ ಕಡತವನ್ನೇನೋ ಇಡುತ್ತದೆ, ಆದರೆ ಜಿಡಿಬಿ ಆ ಬೀಗವನ್ನು ತಿರುಗಿಯೂ ನೋಡದೆ ಪೋರ್ಟ್ ತೆರೆಯುತ್ತದೆ. ಒಂದೊಂದು ಬೈಟೂ ಮೊದಲು ಓದಿದವರ ಪಾಲು. ಕರ್ನಲ್ ಏಕೆ ನಿಂತಿತೆಂದು ಜಿಡಿಬಿ ಕೇಳಿದಾಗ ಡಾಲರ್ ಚಿಹ್ನೆ, ಎಸ್05, ಹ್ಯಾಶ್, ಬಿ8 ಎಂದು ಇಡಿಯಾಗಿ ಬರಬೇಕು. ಅದರಲ್ಲಿ ‘5’ ಮಿನಿಕಾಮ್ ಬಾಯಿಗೆ ಬಿದ್ದರೆ ಅಕ್ಷರಗಳ ಮೊತ್ತ ಹೇಳುವ ಕೊನೆಯ ಬಿ8 ಎಂಬ ಚೆಕ್‌ಸಮ್ ತಾಳೆಯಾಗದು, ಜಿಡಿಬಿ ಮತ್ತೆ ಕೇಳುತ್ತದೆ, ಮತ್ತೆ ಹಂಚಿಹೋಗುತ್ತದೆ. ಸ್ಕ್ರೀನಿಗೆ ಮರಳಿ ನೋಡಿದರೆ, ಮೂರು ದಿನದ ಕಳುವಿನ ಮಾಲು ಅಲ್ಲಿ ಚೆಲ್ಲಿಕೊಂಡಿತ್ತು. ಎತ್ತಿಗೆ ಜ್ವರ ಬಂದಿದ್ದಕ್ಕೆ ನಾನು ಎಮ್ಮೆಗೆ ಬರೆ ಹಾಕಿದ್ದೆ.

ಬಾಡ್ ರೇಟ್ ಹೊಂದದಿದ್ದರೆ ಮೊದಲ ಅಕ್ಷರದಿಂದಲೇ ಕಸ ಬರುತ್ತದೆ, ನಿಮ್ಮಲ್ಲಿ ಬರುತ್ತಿರುವಂತೆ ಓದಬಲ್ಲ ಚೂರುಗಳಲ್ಲ. ಆದ್ದರಿಂದ ಮೊದಲು ಫ್ಯೂಸರ್. ಮಿನಿಕಾಮ್, ಲಾಗಿನ್ ಕೇಳುವ ಗೆಟ್ಟಿ, ಯಾವುದಿದ್ದರೂ ಮುಚ್ಚಿ. ಆಮೇಲೆ ಜಿಡಿಬಿಯಲ್ಲಿ ಸೆಟ್ ಸೀರಿಯಲ್ ಬಾಡ್ 115200 ಕೊಟ್ಟು, ಅನಂತರವೇ ಸಂಪರ್ಕ ತೆರೆಯುವ ಟಾರ್ಗೆಟ್ ರಿಮೋಟ್ ಕೊಡಿ. ವೇಗ ಹೇಳದಿದ್ದರೆ ಪೋರ್ಟಿನಲ್ಲಿ ಹಳೆಯದು ಯಾವ ವೇಗವಿತ್ತೋ ಅದನ್ನೇ ಜಿಡಿಬಿ ಉಳಿಸಿಕೊಳ್ಳುತ್ತದೆ. ಕನ್ಸೋಲ್ ಮತ್ತು ಡೀಬಗ್ಗರ್ ಎರಡೂ ಒಂದೇ ತಂತಿಯಲ್ಲಿ ಬೇಕೆಂಬ ಹಟವಿದ್ದರೆ ಎರಡನ್ನೂ ಬೇರ್ಪಡಿಸಿ ಕೊಡುವ ಏಜೆಂಟ್ ಪ್ರಾಕ್ಸಿ ಬಳಸಿ. ಒಂದು ಅಕ್ಷರವೂ ಬಾರದಿದ್ದರೆ ಮಾತ್ರ ಕೇಬಲ್ ನೋಡಿ: 2 ಮತ್ತು 3ನೇ ಪಿನ್ನುಗಳು ಅಡ್ಡಹಾಯ್ದಿರಬೇಕು.